ಹಳಹಳಿಕೆಗೂ ಒಂದು ಕೇರಿ ಇದೆ

ಹೊಸಪೇಟೆಯಲ್ಲಿ ನಾನು ಪಾಠ ಹೇಳುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಳೆಯ ರೇಡಿಯೋದ ಮಾತು ಬಂದರೆ ಸಾಕು, ಹಿರಿಯರ ದನಿ ಮೆತ್ತಗಾಗುತ್ತದೆ. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಸ್ಟುಡಿಯೋದಲ್ಲಿ ಸ್ಪೂಲ್ ಟೇಪು ತಿರುಗುತ್ತಿತ್ತು, ಕೋರಿಕೆಗಳು ಪೋಸ್ಟ್ ಕಾರ್ಡಿನಲ್ಲಿ ಬರುತ್ತಿದ್ದವು. ಮೊದಲು ಧಾರವಾಡ, ಆಮೇಲೆ ನಮ್ಮ ಹೊಸಪೇಟೆಯದೇ 100.5 ಎಫ್.ಎಂ. "ಏನ್ ಶುದ್ಧ ಕನ್ನಡ ರೀ ಅದು! ಮನಿಮಂದಿ ಎಲ್ಲಾ ಕೂಡಿ ಕೇಳ್ತಿದ್ವಿ" ಎನ್ನುತ್ತಾರೆ. ನಾನು ಹುಟ್ಟಿದ್ದು ಆ ಕಾಲದ ಕೊನೆಗೆ. ಆದ್ದರಿಂದ ಈ ಹಳಹಳಿಕೆಯಲ್ಲಿ ನನ್ನ ಪಾಲಿಲ್ಲ. ಅದನ್ನೊಂದು ಪಠ್ಯದಂತೆ ಓದಬಲ್ಲೆ, ಅಷ್ಟೆ. ಹಾಗೆ ಓದುವಾಗ 'ಮನೆ' ಮತ್ತು 'ಶುದ್ಧ' ಎಂಬ ಎರಡು ಮಾತುಗಳು ನನ್ನನ್ನು ತಡೆದು ನಿಲ್ಲಿಸುತ್ತವೆ.

ಯಾರ ಮನೆ? ನಮ್ಮ ದೊಡ್ಡಪ್ಪ ಕಂಪ್ಲಿ ಸೀಮೆಯ ಗದ್ದೆಗಳಲ್ಲಿ ಕೂಲಿ ಮಾಡಿದವನು. ಅವನು ರೇಡಿಯೋ ಕೇಳಿದ್ದು ಧಣಿಯ ಅಂಗಳದಲ್ಲಿ, ಎತ್ತಿಗೆ ಮೇವು ಹಾಕುತ್ತಾ. ದನಿಗೆ ಮೈಲಿಗೆಯಿಲ್ಲ, ಅದು ಹೊಸ್ತಿಲು ದಾಟಿ ಹೊರಗೆ ಬರುತ್ತಿತ್ತು. ದೊಡ್ಡಪ್ಪ ಮಾತ್ರ ಹೊಸ್ತಿಲು ದಾಟಿ ಒಳಗೆ ಹೋಗುವಂತಿರಲಿಲ್ಲ. ಸಂಡೂರಿನ ಗಣಿಯಲ್ಲಿ ಅದಿರು ಆರಿಸುತ್ತಿದ್ದ ನಮ್ಮ ಅತ್ತೆಯನ್ನು ಕೇಳಿದರೆ ಅವಳು ನಗುತ್ತಾಳೆ: "ಮಧ್ಯಾಹ್ನ ಹೆಣ್ಮಕ್ಕಳ ಕಾರ್ಯಕ್ರಮ ಬರ್ತಿತ್ತಂತಪ. ನಾನು ಆ ಹೊತ್ನಾಗ ಬಿಸಿಲಾಗ ಇರ್ತಿದ್ದೆ." 'ಮಹಿಳೆ' ಎಂದರೆ ಮಧ್ಯಾಹ್ನ ಮನೆಯಲ್ಲಿರುವವಳು ಎಂಬ ಗ್ರಹಿಕೆ ಆ ವೇಳಾಪಟ್ಟಿಯೊಳಗೇ ಇತ್ತು.

ಇನ್ನು 'ಶುದ್ಧ'ದ ಮಾತು. ಉದ್ಘೋಷಕರಾಗಲು ಧ್ವನಿ ಪರೀಕ್ಷೆ, ಕಲಾವಿದರಾಗಲು ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿ. ನಮ್ಮ ಕೇರಿಯಲ್ಲಿ ಶಾಲೆ 'ಸಾಲಿ'ಯಾಗಿ, ಭತ್ತ 'ಬತ್ತ'ವಾಗಿ ಬದುಕಿವೆ. ಗ್ರಾಮೀಣ ಕಾರ್ಯಕ್ರಮಗಳಲ್ಲಿ ಆಡುಮಾತು ಕೇಳಿಬರುತ್ತಿತ್ತು, ನಿಜ. ಆದರೆ ವಾರ್ತೆ ಓದಲು ಆ ನಾಲಿಗೆ ನಡೆಯುತ್ತಿರಲಿಲ್ಲ. ಅದನ್ನು ನಾಟಿ ಮಾಡಿ ಬೆಳೆದವನ 'ಬತ್ತ' ಅಶುದ್ಧ, ಅದರ ಧಾರಣೆ ಓದುವವನ 'ಭತ್ತ' ಶುದ್ಧ! ಹಾಗೆ ನೋಡಿದರೆ ಹೊರಗಿಡುವ ಪದ್ಧತಿ ವಾದ್ಯಗಳನ್ನೂ ಬಿಟ್ಟಿರಲಿಲ್ಲ. ಗಮಕ ನುಡಿಸಲಾರದೆಂದು 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಬಳ್ಳಾರಿ ಸೀಮೆಯ ಬಯಲಾಟ ನಿಂತಿರುವುದೇ ಆ ಪೆಟ್ಟಿಗೆಯ ಮೇಲೆ. ಅದು ಮತ್ತೆ ಒಳಗೆ ಬರಲು ಮೂರು ದಶಕ ಬೇಕಾಯಿತು.

ಅಳತೆಯ ಪ್ರಶ್ನೆಯೂ ಇದೆ. ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಬುಡ್ಗಜಂಗಮರ ಹೆಣ್ಣುಮಗಳು, ಅಕ್ಷರ ಕಲಿತವರಲ್ಲ. ಕಂಪಿಲಿಯ ಕುಮಾರರಾಮನ ಕಥೆಯೂ ಸೇರಿ ಹನ್ನೆರಡು ಮಹಾಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ಬರೆದಿಟ್ಟರೆ ಸುಮಾರು 7,000 ಪುಟ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವನ್ನು ಪುಸ್ತಕವಾಗಿಸಿತು. 2014ರಲ್ಲಿ ಈರಮ್ಮ ತೀರಿಕೊಂಡರು. ಇಂಥ ಕಾವ್ಯವನ್ನು ಅರ್ಧ ಗಂಟೆಯ 'ಜಾನಪದ' ಕಾರ್ಯಕ್ರಮದಲ್ಲಿ ಎಲ್ಲಿ ಹಿಡಿಸುವುದು? ರಾತ್ರಿಗಟ್ಟಲೆ ಹಾಡುವುದನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದರೆ ಉಳಿಯುವುದು ಮಾದರಿ, ಕಾವ್ಯವಲ್ಲ.

ಇಷ್ಟು ಹೇಳಿ ರೇಡಿಯೋ ಮೇಲ್ಜಾತಿಯ ಯಂತ್ರ ಎಂದು ಷರಾ ಬರೆದುಬಿಡುವುದು ನನಗೆ ಸುಲಭ. ನಮ್ಮ ವಿಮರ್ಶೆ ಇಂಥ ಸುಲಭಗಳಿಗೆ ಆಗಾಗ ಒಲಿದಿದೆ. ಆದರೆ ದೊಡ್ಡಪ್ಪ ಅದಕ್ಕೆ ಬಿಡುವುದಿಲ್ಲ. ಒಮ್ಮೆ ಅವನು ಸಾಲಿಗೆ ಹೋಗುವ ಹುಡುಗನಿಂದ ಕಾರ್ಡು ಬರೆಸಿ ಒಂದು ಸಿನಿಮಾ ಹಾಡು ಕೇಳಿದ. ವಾರಗಳ ನಂತರ ರೇಡಿಯೋದಲ್ಲಿ ಅವನ ಹೆಸರು ಬಂತು, ಹೆಸರಿನ ಹಿಂದೆಯೇ 'ಅವರು' ಅಂತಲೂ ಬಂತು. ಹುಟ್ಟಿದಾಗಿನಿಂದ 'ಲೇ' ಅನ್ನಿಸಿಕೊಂಡಿದ್ದವನಿಗೆ! "ನನಗ ಅವರು ಅಂದ್ರಪ" ಎಂದು ಸಾಯುವತನಕ ಹೇಳುತ್ತಿದ್ದ. ಕಾರ್ಡಿನಲ್ಲಿ ಊರಿನ ಹೆಸರಿತ್ತು, ಕೇರಿಯದಿರಲಿಲ್ಲ. ಮುಖ ಕಾಣದ ಆ ದೂರ ಅವನಿಗೊಂದು ಬಿಡುಗಡೆಯನ್ನೇ ಕೊಟ್ಟಿತ್ತು. ಇದೂ ಹಳಹಳಿಕೆಯೇ. ಸ್ಟಾಫ್ ರೂಮಿನ ಹಳಹಳಿಕೆ ಇದ್ದದ್ದು ಹೋಯಿತೆಂದು ಕೊರಗುತ್ತದೆ. ದೊಡ್ಡಪ್ಪನದು ಎಂದೂ ಇಲ್ಲದ್ದು ಒಂದು ಗಳಿಗೆ ಸಿಕ್ಕಿತ್ತೆಂದು ನೆನೆಯುತ್ತದೆ. ಎರಡನ್ನೂ ಒಂದೇ ಎಂದು ಕರೆಯಲಾಗದು.

ಆದರೂ ಒಂದು ಕೊರತೆ ಉಳಿಯಿತು. ರೇಡಿಯೋ ಅವನನ್ನು 'ಅವರು' ಅಂದಿತು. ಅವನು ರೇಡಿಯೋದಲ್ಲಿ 'ನಾನು' ಅನ್ನಲಿಲ್ಲ. 1954ರ ಅಕ್ಟೋಬರ್ 3ರಂದು ಇದೇ ಆಕಾಶವಾಣಿಯಲ್ಲಿ ಬಾಬಾಸಾಹೇಬರು ತಮ್ಮ ಜೀವನದರ್ಶನವನ್ನು ಹೇಳಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ತಾನು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಎಂದರು. ಅದು 'ನಾನು' ಎಂದ ದನಿ. ಆಕಾಶವಾಣಿಯ ಧ್ಯೇಯವಾಕ್ಯ 'ಬಹುಜನ ಹಿತಾಯ ಬಹುಜನ ಸುಖಾಯ' ಕೂಡ ಬುದ್ಧ ಭಿಕ್ಷುಗಳಿಗೆ ಹೇಳಿದ್ದು. ಹಿತವೇನೋ ಸರಿ, ಬಹುಜನರ ಬಾಯಿ ಎಲ್ಲಿ? ತರಂಗಗಳು ಸಾರ್ವಜನಿಕ ಆಸ್ತಿ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2008ರಲ್ಲಿ ನಮ್ಮ ಬೀದರ ಗಡಿಯಾಚೆಯ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳೇ ಸಂಗಂ ರೇಡಿಯೋ ಆರಂಭಿಸಿ, ತಮ್ಮ ಬೀಜ-ಬೆಳೆಯ ಮಾತನ್ನು ತಮ್ಮ ತೆಲುಗಿನಲ್ಲೇ ಆಡಿದರು.

ಆದ್ದರಿಂದ ವಿದ್ಯಾರ್ಥಿ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಯಾರಾದರೂ ಹಳೆಯ ರೇಡಿಯೋವನ್ನು ಹೊಗಳಿದರೆ ಜಗಳ ಬೇಡ. ಎಲ್ಲಿ ನಿಂತು ಕೇಳಿದಿರಿ ಎಂದು ಕೇಳಿ. ಆಮೇಲೆ ನಿಮ್ಮ ಕೇರಿಗೆ ಹೋಗಿ ಮುದುಕರನ್ನು ಇದೇ ಮಾತು ಕೇಳಿ, ಅವರ ಬಾಯಲ್ಲೇ ಹಿಡಿದಿಡಿ. ಈಗ ಜೇಬಿನ ಮೊಬೈಲೇ ಟೇಪು. ನಾನು ತಡಮಾಡಿದೆ. ದೊಡ್ಡಪ್ಪನ 'ಅವರು ಅಂದ್ರಪ' ಇವತ್ತು ಯಾವ ಟೇಪಿನಲ್ಲೂ ಇಲ್ಲ. ಇಲ್ಲಿರುವುದು ನನ್ನ ಬರವಣಿಗೆ ಮಾತ್ರ.