ಕೋಲಾರದ ಚಿನ್ನ ಮತ್ತು ಐರಿಷ್ ಸೈನಿಕ ಲವೆಲ್: ಒಂದು ವಿಮರ್ಶೆ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಐರ್ಲೆಂಡಿನ ನಿವೃತ್ತ ಸೈನಿಕ ಮೈಕೇಲ್ ಲವೆಲ್‌ನಿಂದ ಪ್ರಾರಂಭಿಸುವುದು ಹಲವು ಲೇಖಕರ ವಾಡಿಕೆ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, 1875ರಲ್ಲಿ ಗಣಿಯ ಹಕ್ಕನ್ನು ಪಡೆದ ಆತನ ಸಾಹಸವು ಸ್ತುತ್ಯವೇ ಸರಿ. ಆದರೆ ಆತನಿಗೆ ದಾರಿ ತೋರಿದ್ದು ಲೆಫ್ಟಿನೆಂಟ್ ಜಾನ್ ವಾರನ್ನನ ವರದಿ. ಆ ವಾರನ್ನನಾದರೋ 1802ರಲ್ಲಿ ಊರಿಗಾಂ, ಮಾರಿಕುಪ್ಪಂ ಗ್ರಾಮಸ್ಥರು ಚಿನ್ನ ತೆಗೆಯುತ್ತಿದ್ದುದನ್ನು ಕಣ್ಣಾರೆ ಕಂಡವನು. ಹೀಗಿರಲು ಲವೆಲ್‌ನನ್ನು ಚಿನ್ನವನ್ನು ಕಂಡುಹಿಡಿದವನೆನ್ನುವುದು ಸಾಧುವಲ್ಲ. ಹಳೆಯ ಕಸುಬನ್ನು ಆಧುನಿಕ ಉದ್ಯಮದ ಹಾದಿಗೆ ತಂದವರಲ್ಲಿ ಮೊದಲಿಗನೆಂದರೆ ಯುಕ್ತವಾದೀತು.

ಪರರ ಆಳ್ವಿಕೆಯಲ್ಲಿ ಕ್ಷೀಣಿಸುತ್ತಿದ್ದ ತಮ್ಮ ನುಡಿಯ ಉದ್ಧಾರಕ್ಕಾಗಿ ಐರಿಷರು 1893ರಲ್ಲಿ ಗೇಲಿಕ್ ಲೀಗನ್ನು ಸ್ಥಾಪಿಸಿದರು. ಪರಂಪರೆಯ ಬೆಲೆಯನ್ನರಿತ ಆ ನಾಡಿನವನೊಬ್ಬನನ್ನು ಕೊಂಡಾಡುವಾಗ, ಮಾರಿಕುಪ್ಪದ ಹೆಸರಿಲ್ಲದ ಅಗೆತಗಾರರಿಗೂ ನಮ್ಮ ಚರಿತ್ರೆಯ ಮೊದಲ ಪುಟದಲ್ಲಿ ಸ್ಥಾನ ಸಲ್ಲಬೇಡವೇ?