ಯುದ್ಧಚಿತ್ರಗಳ ವಾದ್ಯಸಂಗೀತ: ಇತಿಹಾಸದ ದೃಷ್ಟಿಯಿಂದ

ಚಲಚ್ಚಿತ್ರದ ಕಥೆಯಲ್ಲಿ ನುಸುಳಿದ ಐತಿಹಾಸಿಕ ತಪ್ಪುಗಳನ್ನು ಹೆಕ್ಕಿ ತೋರಿಸುವುದರಲ್ಲಿಯೇ ಇತಿಹಾಸದ ಅಧ್ಯಾಪಕನ ಶ್ರಮವೆಲ್ಲ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಅದರ ಸಂಗೀತವನ್ನೂ ಆಕರವೆಂದು ಪರಿಗಣಿಸುವ ರೂಢಿ ನಮ್ಮಲ್ಲಿ ಇನ್ನೂ ಬಲಿತಿಲ್ಲ. ಆಂಗ್ಲ ಸಂಗೀತಕಾರ ವಿಲಿಯಂ ವಾಲ್ಟನ್ 1942ರ ‘ದಿ ಫಸ್ಟ್ ಆಫ್ ದಿ ಫ್ಯೂ’ ಚಿತ್ರಕ್ಕೆ ರಚಿಸಿದ ವಾದ್ಯವೃಂದದ ಸಂಗೀತ ಈ ದೃಷ್ಟಿಯಿಂದ ವಿಚಾರಾರ್ಹವಾದುದು.

ಸ್ಪಿಟ್‌ಫೈರ್ ಯುದ್ಧವಿಮಾನವನ್ನು ರೂಪಿಸಿದ ಆರ್. ಜೆ. ಮಿಚೆಲ್ಲನ ಜೀವನವೇ ಆ ಚಿತ್ರದ ವಸ್ತು. ಲೆಸ್ಲಿ ಹೋವರ್ಡ್ ಅದನ್ನು ನಿರ್ದೇಶಿಸಿ, ನಾಯಕನ ಪಾತ್ರವನ್ನೂ ತಾನೇ ವಹಿಸಿದನು. ಚರಿತ್ರೆಯೆಂದು ಅದನ್ನು ನಂಬುವಂತಿಲ್ಲ. 1937ರಲ್ಲಿ ಮಿಚೆಲ್ ತೀರಿಕೊಂಡದ್ದು ಕ್ಯಾನ್ಸರ್ ರೋಗದಿಂದ. ಚಿತ್ರದಲ್ಲಿ ಅವನು ಅತಿಶ್ರಮಕ್ಕೆ ಬಲಿಯಾಗುತ್ತಾನೆ. ಕಡಲಹಕ್ಕಿಗಳ ಹಾರಾಟವನ್ನು ನೋಡುತ್ತ ಅವನು ವಿಮಾನದ ಕನಸು ಕಾಣುವ ದೃಶ್ಯವಂತೂ ಕವಿಸಮಯಕ್ಕೆ ಸೇರಿದ್ದು. ಹೀಗಿದ್ದೂ, ಕಾರ್ಖಾನೆಯಲ್ಲಿ ವಿಮಾನದ ಭಾಗಗಳು ಜೋಡಣೆಗೊಳ್ಳುವ ಸನ್ನಿವೇಶಕ್ಕೆ ವಾಲ್ಟನ್ ರಚಿಸಿದ ‘ಫ್ಯೂಗ್’ ಸುಳ್ಳಾಡುವುದಿಲ್ಲ. ಫ್ಯೂಗ್ ಎಂಬುದು ನಮ್ಮ ಸಂಗೀತದಲ್ಲಿ ಸಮಾನವಾದ ಹೆಸರಿಲ್ಲದ ಒಂದು ಬಂಧ. ಒಂದು ವಾದ್ಯವರ್ಗ ಒಂದು ಸ್ವರಪಂಕ್ತಿಯನ್ನು ಎತ್ತಿಕೊಳ್ಳುತ್ತದೆ. ಅದು ಮುಂದುವರಿಯುತ್ತಿರುವಂತೆಯೇ ಇನ್ನೊಂದು ವರ್ಗ ಅದೇ ಪಂಕ್ತಿಯನ್ನು ಬೇರೆ ಸ್ವರದಿಂದ ಆರಂಭಿಸುತ್ತದೆ. ಬಳಿಕ ಮೂರನೆಯದು ಬಂದು ಸೇರುತ್ತದೆ. ಯಾವುದೂ ಮತ್ತೊಂದಕ್ಕೆ ಬರಿಯ ಪಕ್ಕವಾದ್ಯವಲ್ಲ. ಹಲವು ಕೈಗಳು ಕೂಡಿ ಒಂದು ಯಂತ್ರವನ್ನು ಕಟ್ಟುವ ಕೆಲಸಕ್ಕೆ ಇದಕ್ಕಿಂತ ತಕ್ಕ ರೂಪವನ್ನು ಊಹಿಸುವುದು ಕಷ್ಟ. ನಡುವೆ ಒಂಟಿ ಪಿಟೀಲೊಂದು ಮಿಚೆಲ್ಲನ ಬಳಲಿಕೆಯನ್ನು ಸೂಚಿಸಿ ಸರಿದುಹೋಗುತ್ತದೆ. ಫ್ಯೂಗಿನ ಓಟ ಮತ್ತೆ ಮೊದಲಾಗುತ್ತದೆ. ಕಥೆ ಒಬ್ಬನನ್ನು ವೀರನನ್ನಾಗಿಸಹೊರಟಿತು. ಸಂಗೀತವು ಹಲವರ ದುಡಿಮೆಗೆ ಮನ್ನಣೆ ಕೊಟ್ಟಿತು. ಯುದ್ಧದ ನಡುವೆ ಇಂಗ್ಲೆಂಡು ತನ್ನನ್ನು ತಾನು ಹೇಗೆ ಕಾಣಬಯಸಿತೆಂಬುದಕ್ಕೆ ಈ ಎರಡನೆಯದೇ ಹೆಚ್ಚು ಪ್ರಬಲವಾದ ಸಾಕ್ಷ್ಯವೆಂದು ನಮ್ಮ ಅಭಿಪ್ರಾಯ.

ಅದೇ ವಾಲ್ಟನ್ 1969ರ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರಕ್ಕೂ ಸಂಗೀತ ರಚಿಸಿದನು. 1940ರ ವಾಯುಯುದ್ಧ ಅದರ ವಸ್ತು. ಧ್ವನಿಮುದ್ರಿಕೆಯೊಂದನ್ನು ತುಂಬುವಷ್ಟು ಉದ್ದವಿಲ್ಲವೆಂದು ಚಿತ್ರಸಂಸ್ಥೆಯವರು ಅದನ್ನು ತಳ್ಳಿಹಾಕಿ, ರಾನ್ ಗುಡ್ವಿನ್ ಎಂಬವನಿಂದ ಬೇರೆ ಸಂಗೀತ ಬರೆಸಿದರು. (ಕಲೆಯನ್ನು ಮೊಳದಲ್ಲಿ ಅಳೆಯುವವರು ಎಲ್ಲ ದೇಶಗಳಲ್ಲಿಯೂ ಉಂಟು.) ನಟ ಲಾರೆನ್ಸ್ ಒಲಿವಿಯೆ ತನ್ನ ಹೆಸರನ್ನೇ ಚಿತ್ರದಿಂದ ತೆಗೆಸುವೆನೆಂದು ಹಟ ಹಿಡಿದದ್ದರಿಂದ ವಾಲ್ಟನ್ನನ ಒಂದು ಭಾಗ ಮಾತ್ರ ಉಳಿಯಿತು. ಆ ಭಾಗದಲ್ಲಿ ಎಂಜಿನುಗಳ ಮೊರೆತವೂ ಗುಂಡಿನ ಸದ್ದೂ ಅಡಗಿ, ವಾದ್ಯವೃಂದವೊಂದೇ ಕೇಳಿಸುತ್ತದೆ. ಇದು ಯುದ್ಧವನ್ನು ಬರಿಯ ನೋಟವನ್ನಾಗಿಸುತ್ತದೆಂದು ಆಕ್ಷೇಪಿಸಬಹುದು. ಆ ಆಕ್ಷೇಪ ಪೂರ್ತಿ ನಿರಾಧಾರವೂ ಅಲ್ಲ. ಆದರೆ ಬೀಳುತ್ತಿರುವ ವಿಮಾನ ಯಾರದೆಂಬ ಪ್ರಶ್ನೆ ಅಲ್ಲಿ ಕ್ಷಣಕಾಲ ಹಿಂದೆ ಸರಿಯುತ್ತದೆ. ಬಾಂಬು ಬೀಳುತ್ತಿದ್ದ ನಾಡಿನಲ್ಲಿ, 1942ರಲ್ಲಿ, ಅಂತಹ ಸಂಗೀತ ಹುಟ್ಟುವುದು ಸಾಧ್ಯವಿರಲಿಲ್ಲ.

ಈ ಚಿತ್ರವನ್ನು 1940ರ ದಾಖಲೆಯೆಂದು ತರಗತಿಯಲ್ಲಿ ತೋರಿಸುವವರು ಗುಡ್ವಿನ್ನನ ಸಂಗೀತಕ್ಕೂ ಕಿವಿಗೊಡಬೇಕು. ಅವನು ಜರ್ಮನ್ ವಾಯುಪಡೆಗೆ ಹಾಕಿಕೊಟ್ಟ ನಡಿಗೆಯ ವಾದ್ಯಗೀತ ಎಷ್ಟು ಹಿತವಾಗಿದೆಯೆಂದರೆ, ಬ್ರಿಟನ್ನಿನ ಸೈನಿಕ ವಾದ್ಯತಂಡಗಳೇ ಮುಂದೆ ಅದನ್ನು ತಮ್ಮದಾಗಿಸಿಕೊಂಡು ನುಡಿಸಿದವು.