ಹೊಲಿಗೆ ಬಿಚ್ಚುವವರೆಗಿನ ಇಂಜೆಕ್ಷನ್

ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ತಾಲ್ಲೂಕು ಊರುಗಳಲ್ಲಿ ನಡುರಾತ್ರಿ ಹೆರಿಗೆ ಕಷ್ಟವಾದರೆ ಎಷ್ಟೋ ಮನೆಯವರು ಓಡುವುದು ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಂಗೆ. ಅವುಗಳ ಉಪಕಾರ ದೊಡ್ಡದು. ಅದಕ್ಕೇ ಇಂಥ ಕಡೆ ಬೇರೂರಿರುವ ಒಂದು ರೂಢಿಯನ್ನು ದಾಕ್ಷಿಣ್ಯವಿಲ್ಲದೆ ಪರೀಕ್ಷಿಸಬೇಕು. ಸಿಜೇರಿಯನ್ ಆದ ಬಾಣಂತಿಗೆ ಹೊಲಿಗೆ ಬಿಚ್ಚುವವರೆಗೂ ಆಂಟಿಬಯಾಟಿಕ್ ಕೊಡುವ ರೂಢಿ ಅದು. ಸಲಾಯಿನ್ ಜೊತೆ ಸೆಫ್ಟ್ರಿಯಾಕ್ಸೋನ್, ಮನೆಗೆ ಹೊರಟಾಗ ಚೀಟಿ ತುಂಬ ಗುಳಗಿ.

ಇದಕ್ಕೆ ವಿಜ್ಞಾನದ ಬೆಂಬಲವಿಲ್ಲ. ಸೋಂಕು ತಡೆಯಲೆಂದು ಕೊಡುವ ಆಂಟಿಬಯಾಟಿಕ್ಕನ್ನು ಆಪರೇಷನ್ ಮುಗಿದ ಮೇಲೆ ಮುಂದುವರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಕೀವಾದ ಗಾಯದ ಮಾತು ಬೇರೆ.

ಮಿತವಾದ ಬಳಕೆಗೆ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜೂ ಪಾಲ್ಗೊಂಡಿದ್ದ, ಏಳು ದೇಶಗಳ 29 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸಹಜ ಹೆರಿಗೆಯ ನಿರೀಕ್ಷೆಯಲ್ಲಿದ್ದವರಿಗೆ ಹೆರಿಗೆನೋವಿನ ವೇಳೆ 2 ಗ್ರಾಂ ಅಜಿಥ್ರೊಮೈಸಿನ್, ಒಂದೇ ಸಲ. ಔಷಧ ಪಡೆಯದ ಗುಂಪಿನಲ್ಲಿ ಶೇ 2.4ರಷ್ಟು ತಾಯಂದಿರಿಗೆ ನಂಜು ಏರಿತ್ತು ಅಥವಾ ಸಾವು ಬಂದಿತ್ತು. ಪಡೆದವರಲ್ಲಿ ಅದು ಶೇ 1.6. ಶಿಶುಗಳಿಗೆ ಲಾಭ ಕಾಣಲಿಲ್ಲ, ಅದನ್ನೂ ಸಂಶೋಧಕರು ಮುಚ್ಚಿಡದೆ ಹೇಳಿದರು. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಯಾರಿಗೆ, ಯಾವಾಗ, ಎಷ್ಟು, ಏನು ಪ್ರಯೋಜನ ಎಂಬುದಕ್ಕೆಲ್ಲ ಅಲ್ಲಿ ಲೆಕ್ಕವಿದೆ. ಐದಾರು ದಿನ ಇಂಜೆಕ್ಷನ್ ಚುಚ್ಚುವ ವಾರ್ಡಿನಲ್ಲಿ ಇವುಗಳಲ್ಲಿ ಯಾವುದಕ್ಕೆ ಉತ್ತರವಿದೆ?

ವೈದ್ಯರಿಗೆ ಇದು ಗೊತ್ತಿಲ್ಲವೆಂದಲ್ಲ. ಉಪಕರಣಗಳ ಸೋಂಕು ಕಳೆಯುವ ಆಟೊಕ್ಲೇವ್ ಸರಿಯಾಗಿ ಕಾದಿತ್ತೋ ಇಲ್ಲವೋ, ಇಡೀ ವಾರ್ಡಿಗೆ ಒಬ್ಬಳೇ ಇರುವ ಸಿಸ್ಟರ್ ಹಾಸಿಗೆಯಿಂದ ಹಾಸಿಗೆಗೆ ಓಡುವಾಗ ಕೈ ತೊಳೆದಳೋ ಇಲ್ಲವೋ ಎಂಬ ಅನುಮಾನ ಅವರಿಗೇ ಇರುತ್ತದೆ. ಅದನ್ನು ಔಷಧದಿಂದ ಮುಚ್ಚುತ್ತಾರೆ. ಸಂಬಂಧಿಕರ ಒತ್ತಾಯವೂ ಕಡಿಮೆಯಲ್ಲ. ಆದರೆ ಆ ಔಷಧ ಬಾಣಂತಿಯ ಕರುಳಿನಲ್ಲಿ ಮಣಿಯುವ ಬ್ಯಾಕ್ಟೀರಿಯಾಗಳನ್ನು ಕೊಂದು ಮಣಿಯದವಕ್ಕೆ ಜಾಗ ಮಾಡಿಕೊಡುತ್ತದೆ. ಅವು ತಮ್ಮ ಪ್ರತಿರೋಧದ ಜೀನ್‌ಗಳನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ತೊಳೆಯದ ಅದೇ ಕೈ ಅವನ್ನು ಪಕ್ಕದ ಹಾಸಿಗೆಯ ಅಜ್ಜನ ಮೂತ್ರದ ನಳಿಕೆಗೆ ಒಯ್ಯುತ್ತದೆ. ಅಜ್ಜನಿಗೆ ಜ್ವರ ಬಂದಾಗ ಸೆಫ್ಟ್ರಿಯಾಕ್ಸೋನ್ ನಾಟುವುದಿಲ್ಲ. ಮೆರೊಪೆನೆಮ್, ಆಮೇಲೆ ಕೊಲಿಸ್ಟಿನ್, ಕೊನೆಗೆ ಬೆಳಗಾವಿಗೆ ಆಂಬುಲೆನ್ಸ್. ಯಾವ ಔಷಧ ನಾಟುತ್ತದೆಂದು ತಿಳಿಸುವ ಕಲ್ಚರ್ ಪರೀಕ್ಷೆಗೆ ಸ್ಯಾಂಪಲ್ ತೆಗೆಯಬೇಕಾದದ್ದು ಮೊದಲ ಇಂಜೆಕ್ಷನ್‌ಗೂ ಮುಂಚೆ. ನಾಲ್ಕು ದಿನ ಔಷಧ ಹರಿದ ಮೇಲೆ ಕಳಿಸಿದರೆ ಅದರಲ್ಲಿ ಏನೂ ಬೆಳೆಯದೆ ಹೋಗಬಹುದು.

ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ, 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್‌1 ಪಟ್ಟಿಯಲ್ಲಿ ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್ ಎರಡೂ ಇವೆ. ಮೆಡಿಕಲ್ ಅಂಗಡಿಯವರು ಇವನ್ನು ಮಾರಿದ ಲೆಕ್ಕವನ್ನು ಮೂರು ವರ್ಷ ಇಡಬೇಕು. ಒಳ್ಳೆಯ ನಿಯಮ, ಆದರೆ ಅದರ ಕಣ್ಣು ಅಂಗಡಿಯ ಮೇಲಿದೆ. ವೈದ್ಯರೇ ಚೀಟಿ ಬರೆದುಕೊಟ್ಟಲ್ಲಿ ಅದು ಏನನ್ನೂ ಕೇಳುವುದಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನರ್ಸಿಂಗ್ ಹೋಂಗಳು ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಕಳೆದ ತಿಂಗಳು ಎಷ್ಟು ಆಪರೇಷನ್ ಆದವು, ಎಷ್ಟು ಹೊಲಿಗೆಗಳಲ್ಲಿ ಕೀವಾಯಿತು, ಎಷ್ಟು ಕಲ್ಚರ್ ಕಳಿಸಿದರು ಎಂಬ ಮೂರು ಸಾಲನ್ನೂ ಅದೇ ಗೋಡೆಯ ಮೇಲೆ ಕಡ್ಡಾಯವಾಗಿ ಬರೆಸಬೇಕು.